ಮಳೆಗಾಲದಲ್ಲಿ ಕೋರಲ್ ದಿನಕ್ಕೆ ಹತ್ತು ಸಲ ಬೀಳುತ್ತಿದೆ: ಹಳೇ ಕಂಪ್ಯೂಟರು, ಚೌತಿ ಕೆಲಸ ತಲೆ ಮೇಲೆ

ಕುಮಟಾ ಡಿಟಿಪಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕುಮಟಾದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಮದುವೆ ಕಾಗದ, ರಶೀದಿ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ, ಇಂಥವೇ ಕೆಲಸ. ಚೌತಿಗೆ ಇನ್ನು ಮೂರು ವಾರ. ಗಣೇಶೋತ್ಸವ ಸಮಿತಿಗಳ ಕರಪತ್ರ ಹನ್ನೊಂದು ಬಾಕಿ ಇವೆ. ಇಂಥ ಹೊತ್ತಿನಲ್ಲೇ ಕಂಪ್ಯೂಟರ್ ಕೈಕೊಟ್ಟಿದೆ.

ಕೋರ್ 2 ಡ್ಯುಯೋ ಇ7500, ಜಿ41 ಬೋರ್ಡ್, 1 ಜಿಬಿಯ ಎರಡು ಡಿಡಿಆರ್2 ರ‍್ಯಾಮ್, ವಿಂಡೋಸ್ 7 32 ಬಿಟ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪುಟ ವಿನ್ಯಾಸಕ್ಕೆ ಕೋರಲ್ ಡ್ರಾ ಎಕ್ಸ್3, ಫೋಟೋಶಾಪ್ 7, ಪೇಜ್‌ಮೇಕರ್ 7 ಇವೆ.

ಕೋರಲ್ ಒಂದೊಂದು ಸಲ ಫೈಲ್ ತೆರೆಯುವಾಗ ಬೀಳುತ್ತದೆ, ಅಂದರೆ ತಾನಾಗೇ ಮುಚ್ಚಿಹೋಗುತ್ತದೆ. ಒಂದೊಂದು ಸಲ ಝೂಮ್ ಮಾಡಿದಾಗ. ನಿನ್ನೆ ಸೇವ್ ಒತ್ತಿದಾಗಲೇ ಹೋಯಿತು, ಎರಡು ತಾಸಿನ ಕೆಲಸ ನೀರುಪಾಲು. ಜೂನ್‌ನಲ್ಲಿ ಅಪರೂಪಕ್ಕೆ ಒಂದು ಸಲ ಆಗುತ್ತಿತ್ತು. ರಿಪೇರಿಯವರೊಬ್ಬರು ಬಂದು ಫಾರ್ಮ್ಯಾಟ್ ಮಾಡಿ ಎಲ್ಲ ಹೊಸದಾಗಿ ಹಾಕಿ ಕೊಟ್ಟರು. ನಾಲ್ಕು ದಿನ ಪರವಾಗಿಲ್ಲ ಅನಿಸಿತು, ಆಮೇಲೆ ಮೊದಲಿಗಿಂತ ಜಾಸ್ತಿ ಆಯಿತು. ಈಗ ಅವರು ಬೋರ್ಡೇ ಹೋಗಿದೆ, ಹೊಸ ಸಿಸ್ಟಮ್ ತೆಗೆದುಕೊಳ್ಳಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಹೊನ್ನಾವರ ಹುಡುಗ · ಸೋಮವಾರ, ರಾತ್ರಿ 9:52

ಅಕ್ಕ, ಅವರು ಹೇಳಿದ್ದು ಸರಿಯೇ ಇದೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಕೈ ಮುಗಿದಾಗಿದೆ. ಆ ಡಬ್ಬ ಗುಜರಿಗೆ ಹಾಕಿ, ಹೊಸದು ತೆಗೆದುಕೊಳ್ಳಿ.

ಕುಮಟಾ ಡಿಟಿಪಿ · ಸೋಮವಾರ, ರಾತ್ರಿ 10:05

ತಮ್ಮಾ, ದುಡ್ಡಿನ ಮಾತು ಆಮೇಲೆ. ಹದಿನಾಲ್ಕು ವರ್ಷದ ಫೈಲುಗಳೆಲ್ಲ ನುಡಿ ಮತ್ತು ಅದರ ಹಾಗಿನ ಹಳೇ ಫಾಂಟುಗಳಲ್ಲಿವೆ. ಈಗ ಎಲ್ಲೆಡೆ ಓದಲು ಬರುವ ಯೂನಿಕೋಡ್ ಅಲ್ಲ. ಹೊಸದರಲ್ಲಿ ಹೊಸ ಕೋರಲ್ ಹಾಕಿ ಒಂದು ಹಳೇ ಲಗ್ನಪತ್ರಿಕೆ ತೆರೆದು ನೋಡು, ಒತ್ತಕ್ಷರ ಎಲ್ಲೆಲ್ಲಿಗೋ ಹೋಗಿ ಕೂತಿರುತ್ತದೆ. ಸಾಲು ಸಾಲು ಮತ್ತೆ ನೋಡಬೇಕು. ಯಾವತ್ತೋ ಒಂದು ದಿನ ಮಾಡಲೇಬೇಕು, ಗೊತ್ತು. ಆದರೆ ಚೌತಿ ಎದುರು ಇಟ್ಟುಕೊಂಡು ಅಲ್ಲ. ಈ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿಲ್ಲ. ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ.

ಅಂಕೋಲಾ ಫ್ಲೆಕ್ಸ್ · ಸೋಮವಾರ, ರಾತ್ರಿ 10:20

ಡಿಫಾಲ್ಟ್ ಪ್ರಿಂಟರ್ ಯಾವುದಿದೆ ನೋಡಿ. ಕೋರಲ್ ಫೈಲ್ ತೆರೆಯುವಾಗ ಡಿಫಾಲ್ಟ್ ಪ್ರಿಂಟರನ್ನು ಮಾತಾಡಿಸುತ್ತದೆ. ಆ ಪ್ರಿಂಟರ್ ಬೇರೆ ಕಂಪ್ಯೂಟರಿನಲ್ಲಿದ್ದು, ಅದು ಆಫ್ ಆಗಿದ್ದರೆ ಕೋರಲ್ ಉತ್ತರಕ್ಕೆ ಕಾಯುತ್ತಾ ಕೂತುಬಿಡುತ್ತದೆ. ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತದೆ, ನಾವು ಸಿಟ್ಟಿಗೆದ್ದು ಮುಚ್ಚುತ್ತೇವೆ. ವಿಂಡೋಸ್ 7ರಲ್ಲಿ ಎಕ್ಸ್‌ಪಿಎಸ್ ಡಾಕ್ಯುಮೆಂಟ್ ರೈಟರ್ ಅಂತ ಒಂದು ಇರುತ್ತದೆ. ಅದನ್ನು ಡಿಫಾಲ್ಟ್ ಮಾಡಿ ನೋಡಿ.

ಇನ್ನೊಂದು, ಕೋರಲ್ ಐಕಾನ್ ಒತ್ತಿದ ಕೂಡಲೇ ಎಫ್8 ಹಿಡಿದುಕೊಳ್ಳಿ. ಎಲ್ಲ ಸೆಟ್ಟಿಂಗ್ ಮೊದಲಿನ ಹಾಗಾಗುತ್ತದೆ. ಫೋಟೋಶಾಪಿಗಾದರೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಹಿಡಿಯಬೇಕು.

ಬಿಇ ಮೂರನೇ ವರ್ಷ · ಸೋಮವಾರ, ರಾತ್ರಿ 11:15

ನನಗೂ ಇದೇ ತೊಂದರೆ! ಅಣ್ಣನ ಹಳೇ ಲ್ಯಾಪ್‌ಟಾಪ್, ಎರಡನೇ ಜನರೇಶನ್ ಐ3. 3ಡಿ ಚಿತ್ರ ಮಾಡುವ ಬ್ಲೆಂಡರ್ 2.8 ಹಾಕಿದ್ದೇನೆ, ಕ್ಲಿಕ್ ಮಾಡಿದರೆ ತೆರೆಯುವುದೇ ಇಲ್ಲ. ಕಾರವಾರದಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ಯಾರಾದರೂ ಹೇಳಿ.

ಘಟ್ಟದ ಮೇಲಿನವ · ಮಂಗಳವಾರ, ಬೆಳಿಗ್ಗೆ 6:30

ಮೊದಲು ಹಾಸ್ಟೆಲ್ ತಮ್ಮನಿಗೆ: ನಿನ್ನದು ಇದೇ ತೊಂದರೆ ಅಲ್ಲ. ಬ್ಲೆಂಡರ್ 2.80ಕ್ಕೆ ಚಿತ್ರ ಬಿಡಿಸಲು ಗ್ರಾಫಿಕ್ಸ್ ಚಿಪ್ಪಿನಲ್ಲಿ ಓಪನ್‌ಜಿಎಲ್ 3.3 ಬೇಕು. ನಿನ್ನ ಲ್ಯಾಪ್‌ಟಾಪಿನ ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್ ವಿಂಡೋಸ್‌ನಲ್ಲಿ 3.1ಕ್ಕೇ ನಿಲ್ಲುತ್ತದೆ. ಡ್ರೈವರ್ ಎಷ್ಟು ಹೊಸದು ಹಾಕಿದರೂ ಅಷ್ಟೇ. 2.79 ಹಾಕು, ಅದಕ್ಕೆ 2.1 ಸಾಕು. ಸುಮ್ನೆ ರಾತ್ರಿಯಿಡೀ ಡ್ರೈವರ್ ಹುಡುಕಬೇಡ.

ಈಗ ಕುಮಟಾದ ಅಕ್ಕನಿಗೆ. ನಾನು ಶಿರಸಿಯಲ್ಲಿ ಇದೇ ರಿಪೇರಿ ಕೆಲಸದಲ್ಲಿದ್ದೇನೆ. ಮತ್ತೆ ಫಾರ್ಮ್ಯಾಟ್ ಮಾಡಿಸಬೇಡಿ, ಬೋರ್ಡ್ ಬದಲಿಸಲೂ ಬೇಡಿ. ಮೂರು ಪ್ರಶ್ನೆಗೆ ಉತ್ತರ ಕೊಡಿ.

ಬೀಳುವುದು ಕೋರಲ್ ಒಂದೇನಾ, ಫೋಟೋಶಾಪೂ ಬೀಳುತ್ತದಾ? ಎರಡೂ ಬಿದ್ದರೆ ಕೋರಲ್ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ.

ಬೀಳುವುದು ಒಂದೇ ಜಾಗದಲ್ಲಾ, ಎಲ್ಲೆಂದರಲ್ಲಾ? ಇದೇ ಮುಖ್ಯ. ಅದೇ ಮೆನು, ಅದೇ ಫೈಲ್, ಪ್ರತಿ ಸಲ ಅಲ್ಲೇ ಬಿದ್ದರೆ ಹೆಚ್ಚಾಗಿ ಸಾಫ್ಟ್‌ವೇರ್, ಫಾಂಟ್, ಇಲ್ಲವೇ ಹಾಳಾದ ಫೈಲ್. ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ, ಹೊತ್ತು ಗೊತ್ತಿಲ್ಲದೆ ಬಿದ್ದರೆ ರ‍್ಯಾಮ್, ಪವರ್, ಬಿಸಿ ಇಂಥ ಕಡೆ ನೋಡಬೇಕು.

ಮೂರನೆಯದು, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಡ್ಮಿನಿಸ್ಟ್ರೇಟಿವ್ ಟೂಲ್ಸ್, ಅದರೊಳಗೆ ಇವೆಂಟ್ ವ್ಯೂವರ್, ಅಲ್ಲಿ ವಿಂಡೋಸ್ ಲಾಗ್ಸ್, ಅಪ್ಲಿಕೇಶನ್. ಕೆಂಪು ಗುರುತಿನ ಸಾಲು ಒತ್ತಿದರೆ ಕೆಳಗೆ ‘ಫಾಲ್ಟಿಂಗ್ ಮಾಡ್ಯೂಲ್’, ‘ಫಾಲ್ಟ್ ಆಫ್‌ಸೆಟ್’ ಅಂತ ಇರುತ್ತದೆ. ಪ್ರೋಗ್ರಾಮಿನ ಯಾವ ಭಾಗದಲ್ಲಿ, ಆ ಭಾಗದ ಯಾವ ಜಾಗದಲ್ಲಿ ಬಿತ್ತು ಅಂತ ಅದು ಹೇಳುತ್ತದೆ. ಹಿಂದಿನ ಹತ್ತು ಸಲದ್ದು ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಕಾಳಿ ಸೇತುವೆ · ಮಂಗಳವಾರ, ಬೆಳಿಗ್ಗೆ 8:10

ನಾನು ಕಾರವಾರದಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿದ್ದವನು. ಈಗ ಬಿಡುವಾಗಿದ್ದೇನೆ. ಮೇಲಿನವರು ಹೇಳಿದ್ದು ಸರಿ, ಆದರೆ ಅವರು ಘಟ್ಟದ ಮೇಲಿದ್ದಾರೆ. ಕೆಳಗಿನ ಕಥೆಯೇ ಬೇರೆ ಮಾರಾಯ್ರೇ. ಸಮುದ್ರದ ಗಾಳಿಯ ಉಪ್ಪು, ಅದರ ಮೇಲೆ ಮಳೆಗಾಲದ ತೇವ. ಕಿಟಕಿಯ ಸರಳು ಎರಡು ವರ್ಷಕ್ಕೆ ತುಕ್ಕು ಹಿಡಿಯುವ ಊರಿನಲ್ಲಿ ಬೋರ್ಡ್ ಮಾತ್ರ ಹೊಸದರ ಹಾಗೆ ಇರುತ್ತದಾ?

ತಂಗೀ, ಕರೆಂಟ್ ತಂತಿ ಪೂರ್ತಿ ಕಿತ್ತು ಡಬ್ಬ ಬಿಚ್ಚಿ. ಸಿಪಿಯು ಸುತ್ತ ಸಣ್ಣ ಡ್ರಮ್ಮಿನ ಹಾಗಿರುವ ಕೆಪಾಸಿಟರ್‌ಗಳಿರುತ್ತವೆ. ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಒಸರಿದ್ದರೆ ಅದೇ ಕಳ್ಳ. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚುವ ಡಬ್ಬಿ) ಒಳಗೂ ಟಾರ್ಚ್ ಬಿಟ್ಟು ನೋಡಿ, ಆದರೆ ಅದನ್ನು ಬಿಚ್ಚಲು ಹೋಗಬೇಡಿ, ತಂತಿ ಕಿತ್ತ ಮೇಲೂ ಹೊಡೆಯುತ್ತದೆ. ಒಂದು ಸಲ ನನಗೆ ಅದರ ಫ್ಯಾನಿನಲ್ಲಿ ಹಲ್ಲಿ ಸಿಕ್ಕಿತ್ತು. ಒಣಗಿ ಹಪ್ಪಳದ ಹಾಗೆ ಆಗಿತ್ತು ಪಾಪ.

ಕುಮಟಾ ಡಿಟಿಪಿ · ಮಂಗಳವಾರ, ಸಂಜೆ 7:30

ಎಲ್ಲರಿಗೂ ಒಟ್ಟಿಗೇ ಉತ್ತರ.

ಪ್ರಿಂಟರ್ ಮಾತು ನಿಜವಾಯಿತು! ಡಿಫಾಲ್ಟ್ ಆಗಿದ್ದದ್ದು ಎದುರಿನ ಟೇಬಲ್ಲಿನ ಕಂಪ್ಯೂಟರಿಗೆ ಹಾಕಿದ ಪ್ರಿಂಟರ್, ಆ ಕಂಪ್ಯೂಟರ್ ಮೇ ತಿಂಗಳಿಂದ ಆಫ್. ಬದಲಿಸಿದೆ. ಈಗ ಫೈಲ್ ತಟ್ಟಂತ ತೆರೆಯುತ್ತದೆ. ಆದರೆ ಬೀಳುವುದು ನಿಂತಿಲ್ಲ. ಎಫ್8 ಮಾಡಿದೆ. ನನ್ನ ಶಾರ್ಟ್‌ಕಟ್‌ಗಳೆಲ್ಲ ಹೋದವು, ಬೇರೇನೂ ಆಗಲಿಲ್ಲ.

ಫೋಟೋಶಾಪೂ ಬೀಳುತ್ತದೆ. ಪೇಜ್‌ಮೇಕರ್ ವಾರಕ್ಕೊಂದು ಸಲ.

ಕೆಪಾಸಿಟರ್ ತಲೆ ಎಲ್ಲ ಸಪಾಟು. ಹಲ್ಲಿ ಇಲ್ಲ. ಕೆಂಪಿರುವೆ ಇದ್ದವು, ಓಡಿಸಿದೆ.

ಕಾಗದದಲ್ಲಿ ಹದಿನಾಲ್ಕು ಸಲದ್ದು ಬರೆದಿದ್ದೇನೆ. ಎಲ್ಲದಕ್ಕೂ ಸಿ0000005 ಅನ್ನುವ ಕೋಡ್. ಆದರೆ ವಿಚಿತ್ರ ಅಂದರೆ ಹದಿನಾಲ್ಕರಲ್ಲಿ ಒಂಬತ್ತಕ್ಕೆ ಮಾಡ್ಯೂಲ್ ಬೇರೆ ಬೇರೆ, ಆಫ್‌ಸೆಟ್ಟೂ ಬೇರೆ ಬೇರೆ. ಉಳಿದ ಐದಕ್ಕೆ ಮಾಡ್ಯೂಲ್ ಒಂದೇ, ಆಫ್‌ಸೆಟ್ಟೂ ಅಕ್ಷರಶಃ ಒಂದೇ. ಅಂದರೆ ಸಾಫ್ಟ್‌ವೇರಾ, ಹಾರ್ಡ್‌ವೇರಾ?

ಹೊನ್ನಾವರ ಹುಡುಗ · ಮಂಗಳವಾರ, ಸಂಜೆ 7:41

ಎರಡೂ ಹೋಗಿದೆ ಅಂತ ಅರ್ಥ ಅಕ್ಕ 😀

ಘಟ್ಟದ ಮೇಲಿನವ · ಮಂಗಳವಾರ, ರಾತ್ರಿ 8:15

ತಮಾಷೆಗೆ ಹೇಳಿದರೂ ಹುಡುಗ ಸರಿಯಾಗೇ ಹೇಳಿದ. ನಿಮ್ಮ ಕಂಪ್ಯೂಟರಿಗೆ ಎರಡು ಕಾಯಿಲೆ ಇವೆ. ಎರಡರ ಲಕ್ಷಣವೂ ‘ಕೋರಲ್ ಬೀಳುವುದು’. ಅದಕ್ಕೇ ಒಂದಕ್ಕೆ ಔಷಧಿ ಕೊಟ್ಟರೂ ವಾಸಿಯಾದ ಹಾಗೆ ಕಾಣುವುದಿಲ್ಲ. ಆಗ ಮನುಷ್ಯ ಆ ಔಷಧಿ ಸರಿ ಇಲ್ಲ ಅಂತ ಬಿಟ್ಟು, ಮತ್ತೊಂದಕ್ಕೆ ಹೋಗಿ, ಕೊನೆಗೆ ಬೋರ್ಡ್ ಬದಲಿಸುತ್ತಾನೆ. ನಾನೂ ಮೊದಮೊದಲು ಹಾಗೇ ಮಾಡಿದವನು. ಗಿರಾಕಿ ಒಬ್ಬರ ಹತ್ತಿರ ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್ ಎರಡನ್ನೂ ಬದಲಿಸಿ ಆಮೇಲೆ ತೊಂದರೆ ಒಂದು ಪೆನ್ ಡ್ರೈವ್‌ನಲ್ಲಿತ್ತು ಅಂತ ಗೊತ್ತಾದಾಗ ಮುಖ ತೋರಿಸಲು ಆಗಲಿಲ್ಲ.

ಒಂಬತ್ತರ ಗುಂಪು ಮೊದಲು. ನನಗೆ ರ‍್ಯಾಮ್ ಮೇಲೆ ಅನುಮಾನ. ಗ್ರಾಫಿಕ್ಸ್ ಪ್ರೋಗ್ರಾಮ್‌ಗಳು ರ‍್ಯಾಮನ್ನು ಮೂಲೆಮೂಲೆಯವರೆಗೂ ತುಂಬುತ್ತವೆ. ಪತ್ರ ಟೈಪ್ ಮಾಡುವಾಗ ಆ ಹಾಳಾದ ಮೂಲೆಗೆ ಯಾರೂ ಹೋಗುವುದೇ ಇಲ್ಲ. ಅದಕ್ಕೇ ‘ಬೇರೆ ಎಲ್ಲ ಸರಿ ಇದೆ, ಕೋರಲ್ ಮಾತ್ರ’ ಅನಿಸುವುದು. ಜಿ41ರಲ್ಲಿ ಗ್ರಾಫಿಕ್ಸೂ ಅದೇ ರ‍್ಯಾಮಿನಿಂದ ಪಾಲು ತೆಗೆದುಕೊಳ್ಳುತ್ತದೆ.

ಮೆಮ್‌ಟೆಸ್ಟ್86 ಪ್ಲಸ್ ಅಂತ ರ‍್ಯಾಮ್ ಪರೀಕ್ಷೆ ಮಾಡುವ ಒಂದು ಪುಕ್ಕಟೆ ಪ್ರೋಗ್ರಾಮ್ ಇದೆ. ಬೇರೆ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಬೇಕು. ವಿಂಡೋಸ್ ಒಳಗಿಂದ ಅಲ್ಲ. ರಾತ್ರಿ ಹಚ್ಚಿಟ್ಟು ಮಲಗಿ. ಒಂದೇ ಒಂದು ತಪ್ಪು ಬಂದರೂ ಆ ರ‍್ಯಾಮ್ ನಂಬಬಾರದು. ‘ಸ್ವಲ್ಪ ತಪ್ಪು ಪರವಾಗಿಲ್ಲ’ ಅನ್ನುವುದು ಇದರಲ್ಲಿ ಇಲ್ಲ.

ಅಷ್ಟರವರೆಗೆ ಹೊಸ ಕೆಲಸ ಏನೂ ಸೇವ್ ಮಾಡಬೇಡಿ. ಇದನ್ನು ಯಾಕೆ ಹೇಳಿದೆ ಅಂತ ಆಮೇಲೆ ಹೇಳುತ್ತೇನೆ.

ಅಂಕೋಲಾ ಫ್ಲೆಕ್ಸ್ · ಮಂಗಳವಾರ, ರಾತ್ರಿ 9:05

ನಡುವೆ ಒಂದು ಮಾತು. ಫೋಟೋಶಾಪ್ ಬೀಳುತ್ತದೆ ಅಂದಿರಲ್ಲ, ಬ್ಯಾನರ್ ಫೈಲ್ ಎಷ್ಟು ರೆಸಲ್ಯೂಶನ್‌ನಲ್ಲಿ ಮಾಡುತ್ತೀರಿ? ನನ್ನ ಹತ್ತಿರ ಬರುವ ಅರ್ಧ ಜನ 8 ಅಡಿ, 4 ಅಡಿ ಬ್ಯಾನರ್ 300ರಲ್ಲಿ (ಇಂಚಿಗೆ 300 ಪಿಕ್ಸೆಲ್) ಮಾಡಿ ತರುತ್ತಾರೆ. ಲೆಕ್ಕ ಹಾಕಿ: 28,800 ಪಿಕ್ಸೆಲ್ ಅಗಲ, 14,400 ಎತ್ತರ. ಸಿಎಂವೈಕೆ ಅಂದರೆ ಮುದ್ರಣದ ನಾಲ್ಕು ಬಣ್ಣ, ಹಾಗಾಗಿ ಒಂದೊಂದು ಪಿಕ್ಸೆಲ್‌ಗೆ 4 ಬೈಟ್. ಒಂದು ಲೇಯರಿಗೇ 1.6 ಜಿಬಿ ದಾಟುತ್ತದೆ! ನಿಮ್ಮಲ್ಲಿರುವುದು ಒಟ್ಟು 2 ಜಿಬಿ. ಅದೇ 72ರಲ್ಲಿ ಮಾಡಿದರೆ 95 ಎಂಬಿ ಆಸುಪಾಸು. ರಸ್ತೆ ಬದಿ ಕಟ್ಟುವ ಬ್ಯಾನರನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ. 72 ಧಾರಾಳ ಸಾಕು.

ಕುಮಟಾ ಡಿಟಿಪಿ · ಮಂಗಳವಾರ, ರಾತ್ರಿ 9:20

150ರಲ್ಲಿ ಮಾಡುತ್ತಿದ್ದೆ. ಇನ್ನು 72. ಈ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್.

ಕುಮಟಾ ಡಿಟಿಪಿ · ಬುಧವಾರ, ಬೆಳಿಗ್ಗೆ 7:10

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಸ್ಕ್ರೀನ್ ತುಂಬಾ ಕೆಂಪು! ನೀಲಿ ಬಣ್ಣದ ಮೇಲೆ ಕೆಂಪು ಸಾಲು, ಒಂದರ ಕೆಳಗೊಂದು. ಫೋಟೋ ಹಾಕಲು ಬರುತ್ತಿಲ್ಲ, ಬರೆಯುತ್ತೇನೆ. ‘ಗುಡ್’ ಅನ್ನುವ ಕಡೆ 00000000, ‘ಬ್ಯಾಡ್’ ಅನ್ನುವ ಕಡೆ 00000008. ‘ಎರರ್ ಬಿಟ್ಸ್’ ಅನ್ನುವ ಕಡೆ ಎಲ್ಲ ಸಾಲಿನಲ್ಲೂ 00000008. ಒಟ್ಟು 212 ತಪ್ಪು.

ಕಾಳಿ ಸೇತುವೆ · ಬುಧವಾರ, ಬೆಳಿಗ್ಗೆ 7:35

ಕೂಡಲೇ ರ‍್ಯಾಮ್ ಬಿಸಾಡಬೇಡಿ. ನಮ್ಮ ಕರಾವಳಿಯಲ್ಲಿ ಅರ್ಧಕ್ಕರ್ಧ ಸಲ ರ‍್ಯಾಮ್ ಸರಿಯೇ ಇರುತ್ತದೆ, ಕಾಲಿಗೆ ಮಡ್ಡಿ ಹಿಡಿದಿರುತ್ತದೆ. ತಂತಿ ಕಿತ್ತ ಮೇಲೆ ಪವರ್ ಬಟನ್ ಒಂದು ಸಲ ಒತ್ತಿ ಬಿಡಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಡಬ್ಬದ ಕಬ್ಬಿಣ ಮುಟ್ಟಿ ಕೈಯಲ್ಲಿನ ಸ್ಟ್ಯಾಟಿಕ್ ಬಿಡಿ. ರ‍್ಯಾಮ್ ಕಿತ್ತು, ಮಕ್ಕಳ ಬಿಳಿ ರಬ್ಬರಿನಿಂದ ಆ ಚಿನ್ನದ ಬಣ್ಣದ ಹಲ್ಲುಗಳನ್ನು ಮೆತ್ತಗೆ ಉಜ್ಜಿ. ಮೆತ್ತಗೆ ಅಂದೆ, ಪಾತ್ರೆ ತಿಕ್ಕಿದ ಹಾಗಲ್ಲ. ಆ ಲೇಪ ತುಂಬಾ ತೆಳು. ಪೆನ್ನಿನ ಗೀಟು ಅಳಿಸುವ ಒರಟು ರಬ್ಬರ್ ಬೇಡವೇ ಬೇಡ. ಪುಡಿ ಸ್ಲಾಟಿನೊಳಗೆ ಬೀಳದ ಹಾಗೆ ದೂರ ಕೂತು ಉಜ್ಜಿ. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಹತ್ತಿಬಟ್ಟೆಯಲ್ಲಿ ಒರೆಸಿ.

ಘಟ್ಟದ ಮೇಲಿನವ · ಬುಧವಾರ, ಬೆಳಿಗ್ಗೆ 8:00

ಉಜ್ಜಿದ ಮೇಲೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದೊಂದೇ ಹಾಕಿ ಟೆಸ್ಟ್ ಮಾಡಿ. ಒಂದಕ್ಕೆ ಗುರುತು ಇಡಿ, ಎರಡೂ ಒಂದೇ ಥರ ಕಾಣುತ್ತವೆ. ತಪ್ಪು ಬಂದ ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ. ತಪ್ಪು ರ‍್ಯಾಮಿನ ಜೊತೆ ಹೋದರೆ ರ‍್ಯಾಮ್ ಹಾಳು. ಸ್ಲಾಟಿನಲ್ಲೇ ಉಳಿದರೆ ಸ್ಲಾಟ್.

ಕುಮಟಾ ಡಿಟಿಪಿ · ಗುರುವಾರ, ರಾತ್ರಿ 8:50

ಎರಡು ದಿನ ಇದೇ ಆಯಿತು. ಹೊರಗೆ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ, ಗಿರಾಕಿಗಳೂ ಕಡಿಮೆ, ಹಾಗಾಗಿ ಪುರುಸೊತ್ತು ಸಿಕ್ಕಿತು.

ಮಗಳ ಕಂಪಾಸ್ ಡಬ್ಬಿಯ ರಬ್ಬರ್ ತಂದೆ. ಉಜ್ಜಿದರೆ ರಬ್ಬರಿನ ತುದಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಯಿತು. ಎರಡನೇ ರ‍್ಯಾಮಿನ ಹಲ್ಲಿನ ಸಾಲು ಮಂಕಾಗಿದ್ದದ್ದು ಹೊಳೆಯತೊಡಗಿತು. ನೋಡಿ ಖುಷಿಯಾಗಿ ಇಷ್ಟೇ ಇರಬೇಕು, ಮುಗಿಯಿತು ಅಂದುಕೊಂಡೆ. ಗುರುತಿಗೆ ಒಂದಕ್ಕೆ ನನ್ನ ಹಣೆಯ ಟಿಕಲಿಯನ್ನೇ ತೆಗೆದು ಅಂಟಿಸಿದೆ.

ಟಿಕಲಿ ಇಲ್ಲದ್ದು: ಎರಡು ಪಾಸ್ (ಟೆಸ್ಟಿನ ಪೂರ್ತಿ ಎರಡು ಸುತ್ತು), ಒಂದೂ ತಪ್ಪಿಲ್ಲ. ಟಿಕಲಿ ಇದ್ದದ್ದು: ತಪ್ಪು 212ರಿಂದ 37ಕ್ಕೆ ಇಳಿಯಿತು, ಆದರೆ ಹೋಗಲಿಲ್ಲ. ಸ್ಲಾಟ್ ಬದಲಿಸಿದೆ. ತಪ್ಪು ಟಿಕಲಿಯ ಜೊತೆಗೇ ಬಂತು. ಮತ್ತೆ ಅದೇ 00000008.

ಹಾಗಾಗಿ ಟಿಕಲಿಯನ್ನು ಹೊರಗಿಟ್ಟಿದ್ದೇನೆ. ಈಗ 1 ಜಿಬಿಯಲ್ಲೇ ಓಡುತ್ತಿದೆ. ಎಮ್ಮೆ ನಡೆದ ಹಾಗೆ ನಿಧಾನ. ಆದರೆ ಇವತ್ತು ಬೆಳಿಗ್ಗೆಯಿಂದ ಆ ಒಂಬತ್ತರ ಗುಂಪಿನ ಬೀಳುವಿಕೆ ಒಂದೂ ಇಲ್ಲ.

ಐದರ ಗುಂಪು ಮಾತ್ರ ಹಾಗೇ ಇದೆ.

ಕಾಳಿ ಸೇತುವೆ · ಗುರುವಾರ, ರಾತ್ರಿ 9:10

ಪೂರ್ತಿ ಹೋಗಲಿಲ್ಲ ಅಂದರೆ ಚಿಪ್ಪೇ ಹೋಗಿದೆ. ನನ್ನ ರಬ್ಬರ್ ಸೋತಿತು, ಒಪ್ಪಿಕೊಂಡೆ. ಉಳಿದ ಒಂದನ್ನಾದರೂ ಕಾಪಾಡಿಕೊಳ್ಳಿ. ಕೆಲಸ ಇರಲಿ ಬಿಡಲಿ, ಮಳೆಗಾಲದಲ್ಲಿ ದಿನಾ ಒಂದು ತಾಸು ಕಂಪ್ಯೂಟರ್ ಓಡಿಸಿ, ಒಳಗಿನ ತೇವ ಆರುತ್ತದೆ. ಡಬ್ಬವನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಇಟ್ಟಿದ್ದರೆ ಮೇಲಕ್ಕೆತ್ತಿ.

ಘಟ್ಟದ ಮೇಲಿನವ · ಗುರುವಾರ, ರಾತ್ರಿ 9:30

ನನ್ನ ಹತ್ತಿರ 2 ಜಿಬಿಯ ಡಿಡಿಆರ್2 800 ಒಂದು ಸುಮ್ನೆ ಬಿದ್ದಿದೆ. ಟೆಸ್ಟ್ ಮಾಡಿ ಇಟ್ಟದ್ದು. ನಾಳೆ ಕುಮಟಾ ಬಸ್ಸಿನವರ ಕೈಯಲ್ಲಿ ಕೊಡುತ್ತೇನೆ, ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಿ. ದುಡ್ಡು ಬೇಡ.

ಈಗ ಐದರ ಗುಂಪು. ಆಗ ನೀವು ಏನು ಮಾಡುತ್ತಿದ್ದಿರಿ? ನೆನಪು ಮಾಡಿಕೊಂಡು ಹೇಳಬೇಡಿ. ಬೇಕೆಂದೇ ಬೀಳಿಸಿ ನೋಡಿ.

ಕುಮಟಾ ಡಿಟಿಪಿ · ಗುರುವಾರ, ರಾತ್ರಿ 10:25

ಸಿಕ್ಕಿತು! ಫಾಂಟ್ ಪಟ್ಟಿ ಬಿಚ್ಚಿ ಕೆಳಗೆ ಸರಿಸುತ್ತಾ ಹೋದರೆ, ಅರ್ಧ ದಾರಿಯಲ್ಲಿ ಒಂದು ಕಡೆ ಬಂದ ಕೂಡಲೇ ಬೀಳುತ್ತದೆ. ಮೂರು ಸಲ ಮಾಡಿದೆ, ಮೂರೂ ಸಲ ಅಲ್ಲೇ. ಹೆಸರನ್ನು ಟೈಪ್ ಮಾಡಿ ಫಾಂಟ್ ಹಾಕಿದರೆ ಬೀಳುವುದಿಲ್ಲ. ಪಟ್ಟಿಯಲ್ಲಿ ಅಷ್ಟು ದೂರ ಹೋದರೆ ಮಾತ್ರ.

ಅಂಕೋಲಾ ಫ್ಲೆಕ್ಸ್ · ಗುರುವಾರ, ರಾತ್ರಿ 10:40

ಪಕ್ಕಾ ಫಾಂಟ್. ಕೋರಲ್ ಪಟ್ಟಿಯಲ್ಲಿ ಒಂದೊಂದು ಹೆಸರಿಗೂ ಆ ಫಾಂಟಿನ ಆಕಾರ ಬಿಡಿಸಿ ತೋರಿಸುತ್ತದೆ. ಹಾಳಾದ ಫಾಂಟ್ ಎದುರಾದ ಕೂಡಲೇ ಮುಗ್ಗರಿಸುತ್ತದೆ. ಎಷ್ಟು ಫಾಂಟ್ ಇವೆ?

ಕುಮಟಾ ಡಿಟಿಪಿ · ಗುರುವಾರ, ರಾತ್ರಿ 10:43

1,600 ಚಿಲ್ಲರೆ. ನಗಬೇಡಿ.

ಅಂಕೋಲಾ ಫ್ಲೆಕ್ಸ್ · ಗುರುವಾರ, ರಾತ್ರಿ 10:50

ನಗುವುದೇನು ಬಂತು, ನನ್ನಲ್ಲಿ ಎರಡು ಸಾವಿರ ಇವೆ. ಎಲ್ಲಿ ಬೀಳುತ್ತದೆ ಅಂತ ಗೊತ್ತಿರುವುದರಿಂದ ನಿಮಗೆ ಸುಲಭ. ಆ ಅಕ್ಷರದಿಂದ ಶುರುವಾಗುವ ಫಾಂಟುಗಳನ್ನಷ್ಟೇ ಬೇರೆ ಫೋಲ್ಡರಿಗೆ ಕಾಪಿ ಮಾಡಿಟ್ಟು ಡಿಲೀಟ್ ಮಾಡಿ, ಆಮೇಲೆ ಅರ್ಧರ್ಧ ವಾಪಸು ಹಾಕುತ್ತಾ ಬನ್ನಿ. ಗೊತ್ತಿಲ್ಲದಿದ್ದರೂ ಹೆದರಬೇಕಿಲ್ಲ. 1,600ನ್ನು ಅರ್ಧ ಮಾಡುತ್ತಾ ಹೋದರೆ ಹನ್ನೊಂದು ಸಲದೊಳಗೆ ಒಂದೇ ಉಳಿಯುತ್ತದೆ. ವಿಂಡೋಸಿನದೇ ಫಾಂಟುಗಳನ್ನು ಮುಟ್ಟಬೇಡಿ. ಏರಿಯಲ್, ಟಹೋಮಾ ತೆಗೆದರೆ ಹೊಸ ರಾಮಾಯಣ ಶುರುವಾಗುತ್ತದೆ.

ಕುಮಟಾ ಡಿಟಿಪಿ · ಶುಕ್ರವಾರ, ಸಂಜೆ 6:15

ಘಟ್ಟದಲ್ಲಿ ಮರ ಬಿದ್ದು ಬಸ್ಸು ಎರಡು ತಾಸು ತಡ. ಆದರೂ ರ‍್ಯಾಮ್ ಬಂತು, ಹಳೇ ಅಡಿಕೆ ಚೀಲದ ತುಂಡಿನಲ್ಲಿ ಸುತ್ತಿ, ಒಳಗೆ ಪ್ಲಾಸ್ಟಿಕ್ ಡಬ್ಬಿ. ಮೆಮ್‌ಟೆಸ್ಟ್ ಹಚ್ಚಿದೆ, ಒಂದೂ ತಪ್ಪಿಲ್ಲ. ಈಗ 3 ಜಿಬಿ!

ಫಾಂಟೂ ಸಿಕ್ಕಿತು. ಒಂದು ಅಲಂಕಾರದ ಕನ್ನಡ ಫಾಂಟ್, ಮದುವೆ ಕಾಗದದ ತಲೆಬರಹಕ್ಕೆ ಅಪ್ಪ ಬಳಸುತ್ತಿದ್ದದ್ದು. ಅದನ್ನು ತೆಗೆದ ಮೇಲೆ ಪಟ್ಟಿಯ ತುದಿಯವರೆಗೂ ಹೋದೆ, ಬೀಳಲಿಲ್ಲ. ಅಪ್ಪ 2007ರಲ್ಲಿ ತೆಗೆದುಕೊಂಡ ಸಿಡಿಯಿಂದ ಅದೇ ಫಾಂಟನ್ನು ಮತ್ತೆ ಹಾಕಿದೆ. ಈಗಲೂ ಬೀಳುತ್ತಿಲ್ಲ! ಎರಡು ಫೈಲಿನ ಸೈಜೂ ಒಂದೇ, ಒಂದು ಬೈಟೂ ಹೆಚ್ಚುಕಡಿಮೆ ಇಲ್ಲ. ಹಾಗಾದರೆ ವ್ಯತ್ಯಾಸ ಏನು?

ಘಟ್ಟದ ಮೇಲಿನವ · ಶುಕ್ರವಾರ, ಸಂಜೆ 6:50

ಎರಡನ್ನೂ ಒಂದು ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿಡಿ. ಕಮಾಂಡ್ ಪ್ರಾಂಪ್ಟಿನಲ್ಲಿ ಎಫ್‌ಸಿ, ಜಾಗ ಬಿಟ್ಟು ಸ್ಲ್ಯಾಶ್ ಬಿ, ಆಮೇಲೆ ಎರಡು ಫೈಲಿನ ಹೆಸರು. ಬೈಟ್ ಬೈಟ್ ಹೋಲಿಸಿ ಎಲ್ಲಿ ಬೇರೆ ಇದೆ ಅಂತ ತೋರಿಸುತ್ತದೆ. ಸಿಡಿಯದ್ದನ್ನು ಮೊದಲು ಬರೆಯಿರಿ.

ಕುಮಟಾ ಡಿಟಿಪಿ · ಶುಕ್ರವಾರ, ಸಂಜೆ 7:20

ಎರಡೇ ಸಾಲು ಬಂತು:

00012840: 41 49
00018304: 50 58

ಬಿಇ ಮೂರನೇ ವರ್ಷ · ಶುಕ್ರವಾರ, ಸಂಜೆ 7:34

ನಾನು ಬ್ಲೆಂಡರ್‌ನವನು. 2.79 ಹಾಕಿದೆ ಸರ್, ಓಡುತ್ತಿದೆ, ಥ್ಯಾಂಕ್ಸ್.

ಒಂದು ಗಮನಿಸಿದಿರಾ? 41 ಇದ್ದದ್ದು 49 ಆಗಿದೆ. 50 ಇದ್ದದ್ದು 58. ಎರಡರಲ್ಲೂ 8 ಜಾಸ್ತಿ. ಮೆಮ್‌ಟೆಸ್ಟಿನಲ್ಲೂ ಸೊನ್ನೆ ಇರಬೇಕಾದಲ್ಲಿ 8 ಬಂದಿತ್ತು ಅಲ್ವಾ? ಅದೇ ಬಿಟ್, ಅಂದರೆ ಬೈಟಿನೊಳಗಿನ ಅದೇ ಸೊನ್ನೆ-ಒಂದರ ಮನೆ!

ಘಟ್ಟದ ಮೇಲಿನವ · ಶುಕ್ರವಾರ, ರಾತ್ರಿ 8:05

ಶಹಬ್ಬಾಸ್ ತಮ್ಮಾ. ನಾನು ಹೇಳಬೇಕು ಅಂತಿದ್ದೆ, ನೀನೇ ಹಿಡಿದೆ.

ಅಕ್ಕ, ಹೊಸದಾಗಿ ಏನೂ ಸೇವ್ ಮಾಡಬೇಡಿ ಅಂದದ್ದು ಇದಕ್ಕೇ. ಫೈಲ್ ಕಾಪಿ ಮಾಡುವಾಗ ಅದು ಪೆನ್ ಡ್ರೈವ್‌ನಿಂದ ನೇರ ಹಾರ್ಡ್ ಡಿಸ್ಕಿಗೆ ಹಾರುವುದಿಲ್ಲ. ರ‍್ಯಾಮಿಗೆ ಬಂದು, ಅಲ್ಲಿಂದ ಡಿಸ್ಕಿಗೆ ಹೋಗುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿ 1,600 ಫಾಂಟನ್ನು ವಾಪಸು ಹಾಕುವಾಗ ಟಿಕಲಿ ರ‍್ಯಾಮ್ ಅಲ್ಲೇ ಕೂತಿತ್ತು. ಆ ಫಾಂಟ್ ಹಾಳು ಮೂಲೆಯಲ್ಲಿ ಹಾದು ಹೋಯಿತು. ಎರಡು ಬಿಟ್ ಮಗುಚಿಕೊಂಡು ಡಿಸ್ಕಿಗೆ ಬಿತ್ತು. ಸೈಜ್ ಬದಲಾಗಿಲ್ಲ, ತಾರೀಖು ಬದಲಾಗಿಲ್ಲ, ಯಾರಿಗೂ ಅನುಮಾನ ಬರುವ ಹಾಗಿಲ್ಲ. ನಿಮ್ಮ ಮೊದಲ ಕಾಯಿಲೆಯ ಮೇಲೆ ಫಾರ್ಮ್ಯಾಟ್ ಮಾಡಿ ಎರಡನೇ ಕಾಯಿಲೆ ತರಿಸಿಕೊಂಡಿರಿ. ಅದಕ್ಕೇ ಫಾರ್ಮ್ಯಾಟ್ ಆದ ಮೇಲೆ ಜಾಸ್ತಿಯಾದದ್ದು.

ಅವರದ್ದು ಕೆಟ್ಟ ಬುದ್ಧಿ ಅಂತ ನಾನು ಹೇಳುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಗಿರಾಕಿಗೆ ಕೆಲಸ ಕಾಣುತ್ತದೆ, ದುಡ್ಡು ಕೊಡುತ್ತಾರೆ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ ‘ಏನೂ ತೊಂದರೆ ಇಲ್ಲ’ ಅಂದರೆ ಯಾರು ಕೊಡುತ್ತಾರೆ?

ಈಗ ಬೇಸರದ ಕೆಲಸ. ಫಾರ್ಮ್ಯಾಟ್ ಆದ ದಿನದಿಂದ ನಿನ್ನೆಯವರೆಗೆ ಕಾಪಿ ಮಾಡಿದ್ದು, ಸೇವ್ ಮಾಡಿದ್ದು ಯಾವುದನ್ನೂ ನಂಬುವ ಹಾಗಿಲ್ಲ. ಹಳೇ ಬ್ಯಾಕಪ್ ಇದ್ದರೆ ಎಫ್‌ಸಿಯಲ್ಲಿ ಹೋಲಿಸಿ. ಹೊಸ ಫೈಲುಗಳನ್ನು ಒಂದೊಂದೇ ತೆರೆದು ನೋಡಬೇಕು.

ಹೊನ್ನಾವರ ಹುಡುಗ · ಶುಕ್ರವಾರ, ರಾತ್ರಿ 8:30

ಕೋರಲ್‌ನ ಸಿಡಿಆರ್ ಫೈಲಿನ ಹೆಸರಿನ ಬಾಲ ಬದಲಿಸಿ ಜಿಪ್ ಅಂತ ಮಾಡಿ. ಜಿಪ್ ಪ್ರೋಗ್ರಾಮೇ ಹಾಳಾಗಿದೆಯೋ ಇಲ್ಲವೋ ಹೇಳುತ್ತದೆ. ಒಂದೊಂದೇ ತೆರೆಯುವ ಕಷ್ಟ ಯಾಕೆ?

ಭಟ್ಕಳ ಲಿನಕ್ಸ್ · ಶುಕ್ರವಾರ, ರಾತ್ರಿ 8:44

ಅದು ಎಕ್ಸ್4ರಿಂದ ಈಚೆಗೆ. ಅಕ್ಕನದ್ದು ಎಕ್ಸ್3, ಅದರ ಫೈಲ್ ಜಿಪ್ ಅಲ್ಲ. ತೆರೆದೇ ನೋಡಬೇಕು.

ಕೋರಲ್‌ನಲ್ಲಿ ತೆರೆಯದ ಫೈಲ್ ಸಿಕ್ಕರೆ ಮೊದಲು ಹೊಸ ಖಾಲಿ ಪುಟಕ್ಕೆ ಇಂಪೋರ್ಟ್ ಮಾಡಿ ನೋಡಿ. ಆಗದಿದ್ದರೆ ಲಿಬ್ರೆ ಆಫೀಸ್ ಡ್ರಾದಲ್ಲಿ ತೆರೆಯಿರಿ, ಅದು ಸಿಡಿಆರ್ ಓದುತ್ತದೆ. ಎಲ್ಲವೂ ಇದ್ದ ಹಾಗೇ ಬರುತ್ತದೆ ಅಂತ ಹೇಳಲಾರೆ, ಆದರೆ ಅಕ್ಷರ, ಗೆರೆ ಉಳಿದರೆ ಅರ್ಧ ಕೆಲಸ ಉಳಿದ ಹಾಗೆ. ಅದೇ ಫೋಲ್ಡರಿನಲ್ಲಿ ‘ಬ್ಯಾಕಪ್ ಆಫ್’ ಅಂತ ಶುರುವಾಗುವ ಫೈಲ್ ಇದೆಯಾ ಅಂತಲೂ ನೋಡಿ. ಸೇವ್ ಮಾಡುವಾಗ ಕೋರಲ್ ಹಿಂದಿನದನ್ನು ಹಾಗೆ ಇಟ್ಟುಕೊಂಡಿರುತ್ತದೆ. ಜನ ಅದನ್ನು ಕಸ ಅಂತ ಅಳಿಸಿಬಿಡುತ್ತಾರೆ.

ಕುಮಟಾ ಡಿಟಿಪಿ · ಶುಕ್ರವಾರ, ರಾತ್ರಿ 8:52

ನಾನೂ ಅಳಿಸುತ್ತಿದ್ದೆ…

ಕುಮಟಾ ಡಿಟಿಪಿ · ಮಂಗಳವಾರ, ರಾತ್ರಿ 9:30

ಭಾನುವಾರ, ಸೋಮವಾರ ಕೂತು ನೋಡಿದೆ. ಫಾಂಟ್ ಎಲ್ಲವನ್ನೂ ಸಿಡಿಯಿಂದ ಮತ್ತೆ ಹಾಕಿದೆ. ಅದೂ 1,600 ಅಲ್ಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದು ಬೇಕಾ, ಇದು ಬೇಕಾ’ ಅಂತ ಕೇಳಿ 140ಕ್ಕೆ ಇಳಿಸಿದ್ದೇನೆ. ಅವರಿಗೆ ಒಂದೊಂದಕ್ಕೂ ಒಂದು ಮದುವೆಯ ನೆನಪು, ಹಾಗಾಗಿ ತಡವಾಯಿತು.

ಫಾರ್ಮ್ಯಾಟ್ ಆದಮೇಲಿನ ಫೈಲು 86. ಅದರಲ್ಲಿ ಎರಡು ಹಾಳಾಗಿದ್ದವು. ಒಂದು ಲಿಬ್ರೆ ಆಫೀಸಿನಲ್ಲಿ ತೆರೆಯಿತು, ಬಣ್ಣ ಸ್ವಲ್ಪ ಆಚೀಚೆ ಆಗಿತ್ತು, ಸರಿ ಮಾಡಿದೆ. ಇನ್ನೊಂದು ಸೊಸೈಟಿ ವರದಿಯ ಮುಖಪುಟ, ಯಾವುದರಲ್ಲೂ ತೆರೆಯಲಿಲ್ಲ. ಮುದ್ರಿಸಿದ ಪ್ರತಿ ಇತ್ತು, ಅದನ್ನು ನೋಡಿ ಮತ್ತೆ ಮಾಡುತ್ತಿದ್ದೇನೆ.

ಶುಕ್ರವಾರ ರಾತ್ರಿಯಿಂದ ಕೋರಲ್ ಒಂದು ಸಲವೂ ಬಿದ್ದಿಲ್ಲ. ಹನ್ನೊಂದು ಕರಪತ್ರದಲ್ಲಿ ಏಳು ಪ್ರೆಸ್ಸಿಗೆ ಹೋದವು.

ಶಿರಸಿಯ ಅಣ್ಣ, ರ‍್ಯಾಮಿಗೆ ದುಡ್ಡು ಬೇಡ ಅಂದಿರಿ. ಬಸ್ಸಿನಲ್ಲಿ ಏನು ಕಳಿಸಲಿ?

ಘಟ್ಟದ ಮೇಲಿನವ · ಮಂಗಳವಾರ, ರಾತ್ರಿ 9:45

ಕುಮಟಾ ಈರುಳ್ಳಿ ಎರಡು ಜಡೆ.

ಕುಮಟಾ ಡಿಟಿಪಿ · ಮಂಗಳವಾರ, ರಾತ್ರಿ 9:47

ಈಗ ಎಲ್ಲಿಂದ ತರಲಿ, ಸೀಸನ್ ಮುಗಿದಾಯಿತು. ಬೇಸಿಗೆಯಲ್ಲಿ ಕಳಿಸುತ್ತೇನೆ, ಬರೆದಿಟ್ಟುಕೊಳ್ಳಿ.

ಕಾಳಿ ಸೇತುವೆ · ಬುಧವಾರ, ಬೆಳಿಗ್ಗೆ 6:55

ಟಿಕಲಿ ರ‍್ಯಾಮ್ ಏನು ಮಾಡಿದಿರಿ? ಡ್ರಾಯರಿನಲ್ಲಿ ಇಡಬೇಡಿ. ಎರಡು ವರ್ಷ ಬಿಟ್ಟು ಯಾರೋ ‘ಇಲ್ಲೊಂದು ರ‍್ಯಾಮ್ ಇದೆಯಲ್ಲ’ ಅಂತ ಹಾಕಿಬಿಡುತ್ತಾರೆ.

ಕುಮಟಾ ಡಿಟಿಪಿ · ಬುಧವಾರ, ಬೆಳಿಗ್ಗೆ 9:20

ಮಗಳು ಅದಕ್ಕೆ ದಾರ ಕಟ್ಟಿ ಶಾಲೆ ಚೀಲಕ್ಕೆ ನೇತುಹಾಕಿಕೊಂಡಿದ್ದಾಳೆ. ಟಿಕಲಿ ಇನ್ನೂ ಅದರ ಮೇಲೇ ಇದೆ.